ಕಿವಿಗೆ ಹಿತ, ಕಿವಿಗೆ ಇಂಪು: ಅಗ್ಗದ ಇಯರ್‌ಬಡ್‌ಗಳನ್ನು ಪರೀಕ್ಷಿಸುವ ಬಗೆ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳನ್ನೂ ಒಂದು ಗಂಟಿಗೆ ಕಟ್ಟಿರುವುದು ಬೀರೂರು ಜಂಕ್ಷನ್. ಬೆಂಗಳೂರು-ಹುಬ್ಬಳ್ಳಿ ರೈಲು ದಾರಿಯಲ್ಲಿ ಕಡೂರು ಬೀರೂರಿನ ಒಂದು ಪಕ್ಕಕ್ಕೂ ಅಜ್ಜಂಪುರ ಇನ್ನೊಂದು ಪಕ್ಕಕ್ಕೂ ಇವೆ. ಬೀರೂರಿನಿಂದ ಕವಲೊಡೆದು ಶಿವಮೊಗ್ಗದ ಕಡೆಗೆ ಸಾಗುವ ದಾರಿಯಲ್ಲಿ ತರೀಕೆರೆ ಇದೆ. ಈ ದಾರಿಗಳಲ್ಲಿ ಓಡಾಡುವ ರೈಲು, ಬಸ್ಸುಗಳನ್ನು ಮುಂಜಾನೆಯ ವೇಳೆ ಹತ್ತಿದವರಿಗೆ ಒಂದು ನೋಟ ತಪ್ಪದೆ ಕಾಣುವುದು. ಕಾಲೇಜಿಗೆ ಹೊರಟ ವಿದ್ಯಾರ್ಥಿಗಳಲ್ಲಿ ಬಹುಮಂದಿಯ ಕಿವಿಗಳಲ್ಲಿ ಇಯರ್‌ಬಡ್ ಇರುವುದು. ಕೆಲವರು ಹಾಡು ಕೇಳುತ್ತಿರುವರು, ಕೆಲವರು ಪಾಠ ಕೇಳುತ್ತಿರುವರು. ಬಸ್ ನಿಲ್ದಾಣದ ಅಂಗಡಿಗಳಲ್ಲಿಯೂ ಜಾತ್ರೆಯ ಸಾಲುಗಳಲ್ಲಿಯೂ ನೂರಿನ್ನೂರು ರೂಪಾಯಿಗಳಿಗೆ ತಂತಿಯುಳ್ಳವು ದೊರೆಯುವುವು. ಒಂದು ಸಾವಿರದ ಆಚೀಚೆಗೆ ತಂತಿಯಿಲ್ಲದವೂ ದೊರೆಯುವುವು.

ಇವುಗಳಲ್ಲಿ ಒಳ್ಳೆಯದು ಯಾವುದು? ಅಂಗಡಿಯವನು ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ತೋರಿಸುವನು. ಗೆಳೆಯನು ತಾನು ಕೊಂಡದ್ದನ್ನೇ ಹೊಗಳುವನು. ಎರಡೂ ಪ್ರಮಾಣವಲ್ಲ. ಈ ಪುಟ್ಟ ಉಪಕರಣವನ್ನು ತೂಗಿ ನೋಡಲು ಬೇಕಾದ ಭೌತಶಾಸ್ತ್ರವೆಲ್ಲ ಪ್ರೌಢಶಾಲೆಯ ಮತ್ತು ಪಿ.ಯು.ಸಿ. ತರಗತಿಯ ಪುಸ್ತಕಗಳಲ್ಲಿಯೇ ಇದೆ. ಅದನ್ನು ಬಳಸಿದರೆ ವಿಚಾರಾರ್ಹವಾದ ಒಂದು ಸಂಗತಿ ಹೊರಬೀಳುವುದು. ಕಿವಿಗೆ ಹಿತವಾಗಿ ಕೂರುವುದು, ಇಂಪಾಗಿ ನುಡಿಯುವುದು, ಕಿವಿಯನ್ನು ಕೆಡಿಸದಿರುವುದು ಇವು ಮೂರು ಬೇರೆ ಬೇರೆ ಗುಣಗಳೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಇವು ಒಂದೇ ಸರಪಳಿಯ ಮೂರು ಕೊಂಡಿಗಳು. ಅದು ಹೇಗೆಂಬುದನ್ನು ಕ್ರಮವಾಗಿ ಪರಿಶೀಲಿಸೋಣ.

೧. ಉಪಕರಣದ ಒಳರಚನೆ

ಇಯರ್‌ಬಡ್ ಎಂದರೆ ಅತಿ ಚಿಕ್ಕದಾದ ಒಂದು ಧ್ವನಿವರ್ಧಕ. ಇದರೊಳಗೆ ಒಂದು ಕಾಯಂ ಅಯಸ್ಕಾಂತ, ಅದರ ಕಾಂತಕ್ಷೇತ್ರದಲ್ಲಿ ತೂಗುವ ಕೂದಲೆಳೆಯಂಥ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ತೆಳುವಾದ ಪೊರೆ ಇರುವುವು. ಸುರುಳಿಯಲ್ಲಿ ವಿದ್ಯುತ್ಪ್ರವಾಹ ಹರಿದಾಗ ಅದರ ಮೇಲೆ ಬಲವು ಪ್ರಯೋಗವಾಗುವುದು. ಪ್ರವಾಹದ ದಿಕ್ಕು ಬದಲಾದಂತೆಲ್ಲ ಬಲದ ದಿಕ್ಕೂ ಬದಲಾಗಿ ಪೊರೆಯು ಹಿಂದಕ್ಕೂ ಮುಂದಕ್ಕೂ ಕಂಪಿಸುವುದು. ಈ ಕಂಪನವೇ ಶಬ್ದ.

ಕಿವಿಗೆ ಕಟ್ಟಿಕೊಳ್ಳುವ ಶ್ರವಣಿಗಳು ಹೊಸವಲ್ಲ. ಅಮೆರಿಕದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತನು ತಯಾರಿಸಿದ ಶ್ರವಣಿಗಳನ್ನು ಅಲ್ಲಿಯ ನೌಕಾದಳವು 1910ರ ಸುಮಾರಿಗೆ ಕೊಂಡುಕೊಂಡಿತು. ಸುರುಳಿಯೇ ಚಲಿಸುವ ಬಗೆಯ ಶ್ರವಣಿಯನ್ನು 1937ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆ ಮಾರುಕಟ್ಟೆಗೆ ತಂದಿತು. ಆದರೆ ಅಂದಿನ ಅಯಸ್ಕಾಂತಗಳು ಭಾರವಾದವು; ಕಿವಿಯ ನಾಳದ ಬಾಯಲ್ಲಿ ಕೂರಿಸಲು ತಕ್ಕವಲ್ಲ. ನಿಯೊಡಿಮಿಯಮ್, ಕಬ್ಬಿಣ, ಬೋರಾನ್ ಈ ಮೂರರ ಸಂಯೋಗದಿಂದ ಅತಿಪ್ರಬಲವಾದ ಅಯಸ್ಕಾಂತಗಳು 1980ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಹತ್ತು ಮಿಲಿಮೀಟರು ಅಗಲದೊಳಗೆ ಇಡೀ ಧ್ವನಿವರ್ಧಕವನ್ನು ಅಡಗಿಸುವುದು ಸುಲಭವಾಯಿತು. ಇಂದು ನೂರಿನ್ನೂರು ರೂಪಾಯಿಯ ಇಯರ್‌ಬಡ್‌ನಲ್ಲಿರುವ ತತ್ತ್ವಕ್ಕೂ ಹತ್ತು ಸಾವಿರ ರೂಪಾಯಿಯದರಲ್ಲಿ ಸಾಮಾನ್ಯವಾಗಿ ಇರುವ ತತ್ತ್ವಕ್ಕೂ ಭೇದವಿಲ್ಲ. ಭೇದವಿರುವುದು ಆಕಾರದಲ್ಲಿ, ಜೋಡಣೆಯ ನಯದಲ್ಲಿ, ಪೊರೆಯ ಸಮತೆಯಲ್ಲಿ.

೨. ಪೊರೆ ಎಷ್ಟು ಅಲುಗಬೇಕು?

ಇಷ್ಟು ಸಣ್ಣ ಪೊರೆಯು ತಂಬೂರಿಯ ಮಂದ್ರ ಷಡ್ಜವನ್ನು ಹೇಗೆ ನುಡಿಸೀತು ಎಂಬ ಸಂದೇಹ ಸಹಜವಾದುದು. ಲೆಕ್ಕ ಹಾಕಿ ನೋಡೋಣ.

ಇಯರ್‌ಬಡ್ ಕಿವಿಯ ನಾಳವನ್ನು ಮುಚ್ಚಿದಾಗ ಪೊರೆಗೂ ಕಿವಿಯ ತಮಟೆಗೂ ನಡುವೆ ಸ್ವಲ್ಪ ಗಾಳಿ ಸೆರೆಯಾಗುವುದು. ಶ್ರವಣಸಾಧನಗಳ ಪರೀಕ್ಷೆಯಲ್ಲಿ 2 ಘನ ಸೆಂಟಿಮೀಟರಿನ ಕುಹರವನ್ನು ಬಳಸುವ ವಾಡಿಕೆಯಿದೆ. ನಾವೂ ಅಷ್ಟನ್ನೇ ಇಟ್ಟುಕೊಳ್ಳೋಣ. ಶಬ್ದದ ಒತ್ತಡ 1 ಪಾಸ್ಕಲ್ ಆದರೆ ಅದು 94 ಡೆಸಿಬೆಲ್ ಮಟ್ಟದ ಶಬ್ದ; ಬಹಳ ಗಟ್ಟಿಯಾದುದು. ಸೆರೆಯಾದ ಗಾಳಿಯನ್ನು ಶಾಖ ಹೊರಹೋಗದಷ್ಟು ವೇಗವಾಗಿ ಅದುಮಿದಾಗ, ಒತ್ತಡದ ಏರಿಕೆಯನ್ನು ಸುಮಾರು 1,40,000 ಪಾಸ್ಕಲ್‌ನಿಂದ ಭಾಗಿಸಿದರೆ ಗಾತ್ರದ ಇಳಿಕೆಯ ಪ್ರಮಾಣ ದೊರೆಯುವುದು. ಆದುದರಿಂದ 1 ಪಾಸ್ಕಲ್ ಏರಿಕೆಗೆ ಗಾತ್ರವು 1,40,000ದಲ್ಲಿ ಒಂದು ಪಾಲು, ಎಂದರೆ 0.000014 ಘನ ಸೆಂಟಿಮೀಟರು ಕುಗ್ಗಬೇಕು. 10 ಮಿಲಿಮೀಟರು ವ್ಯಾಸದ ಪೊರೆಯ ವಿಸ್ತೀರ್ಣ 0.785 ಚದರ ಸೆಂಟಿಮೀಟರು. ಭಾಗಿಸಿದರೆ ಪೊರೆಯ ಚಲನೆ ಸುಮಾರು 0.000018 ಸೆಂಟಿಮೀಟರು, ಎಂದರೆ 0.18 ಮೈಕ್ರಾನು. ಮೈಕ್ರಾನು ಎಂಬುದು ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪವೇ ಹಲವು ಹತ್ತು ಮೈಕ್ರಾನು ಇರುವುದು. ಕೂದಲ ದಪ್ಪದ ನೂರರಲ್ಲೊಂದು ಪಾಲಿಗೂ ಹೆಚ್ಚಿಲ್ಲದಷ್ಟು ಅಲುಗಿದರೆ ಸಾಕು, ಕಿವಿ ತುಂಬುವ ಶಬ್ದ ಹುಟ್ಟುವುದು!

ಈ ಲೆಕ್ಕದಲ್ಲಿ ಆವೃತ್ತಿಯ ಮಾತೇ ಬರಲಿಲ್ಲ ಎಂಬುದನ್ನು ಗಮನಿಸಿರಿ. ಮುಚ್ಚಿದ ಕುಹರದಲ್ಲಿ ಮಂದ್ರಸ್ವರಕ್ಕೂ ಮಧ್ಯಸ್ವರಕ್ಕೂ ಬೇಕಾಗುವ ಚಲನೆ ಒಂದೇ. ಆದುದರಿಂದ ಚಿಕ್ಕ ಪೊರೆಯೂ ಮಂದ್ರವನ್ನು ನುಡಿಸಬಲ್ಲದು. ಆದರೆ ಇದಕ್ಕೆ ಒಂದು ಕರಾರುಂಟು: ಕುಹರವು ಸೋರಕೂಡದು.

೩. ಸೋರಿಕೆಯ ಫಲ

ಸೈಕಲ್ಲಿಗೆ ಗಾಳಿ ಹಾಕುವ ಪಂಪಿನ ವಾಷರು ಸವೆದಿದ್ದರೆ ಏನಾಗುವುದೆಂಬುದು ಎಲ್ಲರೂ ಕಂಡ ವಿಷಯ. ಹಿಡಿಯನ್ನು ನಿಧಾನವಾಗಿ ಒತ್ತಿದರೆ ಗಾಳಿಯೆಲ್ಲ ಸಂದಿಯಿಂದ ಜಾರಿಹೋಗಿ ಚಕ್ರಕ್ಕೆ ಏನೂ ಸೇರದು. ರಭಸದಿಂದ ಒತ್ತಿದರೆ ಜಾರಿಹೋಗಲು ಗಾಳಿಗೆ ವ್ಯವಧಾನವಿಲ್ಲದೆ ಒಳಗೆ ಒತ್ತಡ ಏರುವುದು. ಕಿವಿಯಲ್ಲಿ ಸಡಿಲವಾಗಿ ಕೂತ ಇಯರ್‌ಬಡ್‌ನ ಸ್ಥಿತಿಯೂ ಇದೇ. ಮಂದ್ರಸ್ವರವೆಂದರೆ ನಿಧಾನವಾದ ಒತ್ತು. ಅದು ಸಂದಿಯಿಂದ ಸೋರಿಹೋಗುವುದು. ತಾರಸ್ವರವೆಂದರೆ ರಭಸದ ಒತ್ತು, ಅದು ಉಳಿದುಕೊಳ್ಳುವುದು. ಫಲವಾಗಿ ಹಾಡು ತೆಳ್ಳಗೆ, ತಗಡು ಬಡಿದಂತೆ ಕೇಳಿಸುವುದು. ಕೊಂಡವನು ‘ಈ ಮಾಲು ಕಳಪೆ’ ಎಂದು ಎಸೆಯುವನು. ದೋಷವಿರುವುದು ಎಷ್ಟೋ ವೇಳೆ ಪೊರೆಯಲ್ಲಲ್ಲ, ತುದಿಯ ರಬ್ಬರಿನ ಅಳತೆಯಲ್ಲಿ.

ಇದನ್ನು ಈಗಲೇ ಪರೀಕ್ಷಿಸಬಹುದು. ಮೃದಂಗದ ತನಿ ಆವರ್ತನವೊಂದನ್ನು ಸಣ್ಣ ದನಿಯಲ್ಲಿ ಹಾಕಿಕೊಂಡು, ಇಯರ್‌ಬಡ್ಡನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿಯಿರಿ. ಎಡಗಡೆಯ ತೊಪ್ಪಿಯ ಗುಂಕಾರವು ಒತ್ತಿದಾಗ ಒಮ್ಮೆಲೇ ತುಂಬಿಬಂದು, ಬಿಟ್ಟಾಗ ಕರಗಿಹೋದರೆ ಸೋರಿಕೆಯಿದೆಯೆಂದು ತಿಳಿಯಬೇಕು. ಒತ್ತಿದರೂ ಬಿಟ್ಟರೂ ಒಂದೇ ಸಮನಾಗಿದ್ದರೆ ತುದಿಯು ಸರಿಯಾಗಿ ಕೂತಿದೆ.

ಮೃದಂಗವನ್ನೇ ಹೆಸರಿಸಲು ಕಾರಣವುಂಟು. ಸಾಮಾನ್ಯವಾದ ಚರ್ಮವಾದ್ಯಗಳ ಮೇಲ್ಸ್ವರಗಳು ಮೂಲಸ್ವರದ ಪೂರ್ಣ ಗುಣಕಗಳಾಗಿರುವುದಿಲ್ಲ. ಆದುದರಿಂದ ಅವುಗಳಲ್ಲಿ ನಿಶ್ಚಿತವಾದ ಶ್ರುತಿ ಹುಟ್ಟುವುದಿಲ್ಲ. ಮೃದಂಗ, ತಬಲಗಳಲ್ಲಿ ನಡುವೆ ಮೆತ್ತಿದ ಕರಣೆಯ ಭಾರದಿಂದ ಈ ಮೇಲ್ಸ್ವರಗಳು ಗುಣಕಗಳ ಕ್ರಮಕ್ಕೆ ಬಂದು ನಿಲ್ಲುವುವೆಂಬುದನ್ನು ಸಿ. ವಿ. ರಾಮನ್ ಅವರು 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದನ್ನೇ ವಿಸ್ತರಿಸಿ ಬರೆದರು. ಹೀಗೆ ಒಂದೇ ವಾದ್ಯದಲ್ಲಿ ಮಂದ್ರದ ಗುಂಕಾರ, ಶ್ರುತಿಗೂಡಿದ ನಾದ, ಬೆರಳಿನ ಚುರುಕಾದ ಪೆಟ್ಟು ಮೂರೂ ಇರುವುದರಿಂದ ಮೃದಂಗವು ನಮ್ಮ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ.

೪. ಹಿತವೆಂದರೇನು?

ಕಿವಿಯ ನಾಳವು ಸುಮಾರು ಎರಡೂವರೆ ಸೆಂಟಿಮೀಟರು ಉದ್ದದ, ನೇರವಲ್ಲದ ಒಂದು ಕೊಳವೆ. ಇದರ ಹೊರಗಿನ ಮೂರನೆಯ ಒಂದು ಪಾಲು ಮೃದ್ವಸ್ಥಿಯಿಂದಾದುದು. ಒತ್ತಿದರೆ ಸ್ವಲ್ಪ ಬಗ್ಗುವುದು. ಒಳಗಿನ ಎರಡು ಪಾಲು ಎಲುಬಿನಿಂದಾದುದು. ಅಲ್ಲಿಯ ಚರ್ಮ ಬಹಳ ತೆಳು, ಮುಟ್ಟಿದರೆ ನೋವು. ಕೆಲವರಿಗೆ ನಾಳದ ಗೋಡೆಯನ್ನು ಸೋಕಿದ ಮಾತ್ರಕ್ಕೆ ಕೆಮ್ಮು ಬರುವುದು. ಅಲ್ಲಿಗೆ ಬಂದಿರುವ ನರದ ಶಾಖೆಯೇ ಅದಕ್ಕೆ ಕಾರಣ, ರೋಗವಲ್ಲ. ಒಬ್ಬನ ಕಿವಿ ಇನ್ನೊಬ್ಬನದರಂತಿಲ್ಲ. ಒಬ್ಬನದೇ ಎಡಗಿವಿ ಬಲಗಿವಿಗಳೂ ಒಂದೇ ಅಳತೆಯವಲ್ಲದಿರಬಹುದು.

ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ ಲಬ್ಧವೆಂಬುದು ನಿಮಗೆ ಗೊತ್ತು. ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ಎರಡು ಮೂರು ಬಿಂದುಗಳಲ್ಲಿ ಮಾತ್ರ ಕಿವಿಯನ್ನು ಮುಟ್ಟಿದರೆ, ಬಲವು ಅತ್ಯಲ್ಪವಾದರೂ ಒತ್ತಡ ಹೆಚ್ಚು. ಅರ್ಧ ಗಂಟೆಯಲ್ಲಿ ಆ ಜಾಗ ಕೆಂಪಾಗುವುದು. ಮೃದುವಾದ ಸಿಲಿಕೋನ್ ತುದಿಯು ಸುತ್ತಲೂ ಸಮನಾಗಿ ಅಂಟಿದರೆ ಅದೇ ಬಲವು ದೊಡ್ಡ ವಿಸ್ತೀರ್ಣಕ್ಕೆ ಹಂಚಿಹೋಗಿ ಒತ್ತಡ ಇಳಿಯುವುದು. ಇಲ್ಲಿಯೇ ಮೊದಲ ಕೊಂಡಿ ಎರಡನೆಯದನ್ನು ಸೇರುವುದು. ಸುತ್ತಲೂ ಸಮನಾಗಿ ಅಂಟುವ ತುದಿ ಹಿತವಾದುದು. ಸುತ್ತಲೂ ಅಂಟಿದ ತುದಿಯೇ ಸೋರದಿರುವುದು. ಸೋರದಿರುವುದೇ ಮಂದ್ರವನ್ನು ಉಳಿಸುವುದು. ಹಿತವೂ ಇಂಪೂ ಒಂದೇ ಕಾರಣದ ಎರಡು ಕಾರ್ಯಗಳು.

ತಕ್ಕ ತುದಿಯನ್ನು ಆರಿಸುವ ಕ್ರಮ ಹೀಗೆ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಣ್ಣ, ನಡು, ದೊಡ್ಡ ಎಂಬ ಮೂರು ಜೊತೆ ತುದಿಗಳಿರುವುವು. ಬಲಗಿವಿಗೆ ಹಾಕಿಕೊಳ್ಳುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು; ಆಗ ನಾಳದ ತಿರುವು ನೆಟ್ಟಗಾಗುವುದು. ತುದಿಯನ್ನು ಮೆಲ್ಲನೆ ತಿರುಗಿಸುತ್ತ ಕೂರಿಸಿ ಕಿವಿಯನ್ನು ಬಿಡಬೇಕು. ದವಡೆಯನ್ನು ಆಡಿಸಿದಾಗ ಜಾರಿದರೆ ಒಂದು ಅಳತೆ ದೊಡ್ಡದನ್ನು ಹಾಕಿರಿ. ಒಳಗೆ ಎದ್ದು ಒತ್ತಿದಂತಾದರೆ ಒಂದು ಅಳತೆ ಸಣ್ಣದನ್ನು ಹಾಕಿರಿ. ಎರಡು ಕಿವಿಗಳಿಗೆ ಬೇರೆ ಬೇರೆ ಅಳತೆ ಬೇಕಾದರೆ ಸಂಕೋಚ ಬೇಡ. ಅಂಗಡಿಯಲ್ಲಿ ಒಂದು ನಿಮಿಷ ಹಾಕಿ ನೋಡಿದ್ದು ಹಿತದ ಪರೀಕ್ಷೆಯಾಗದು. ಮನೆಯಲ್ಲಿ ಅರ್ಧ ಗಂಟೆ ಇಟ್ಟುಕೊಂಡು ನೋಡಬೇಕು. ಸಿಲಿಕೋನ್ ತುದಿಗಳು ಬಿಡಿಯಾಗಿಯೂ ಅಗ್ಗದ ಬೆಲೆಗೆ ಸಿಗುವುವಾದುದರಿಂದ, ಹೊಸ ಇಯರ್‌ಬಡ್ ಕೊಳ್ಳುವ ಮುನ್ನ ಇರುವುದಕ್ಕೇ ಬೇರೆ ತುದಿ ಹಾಕಿ ನೋಡುವುದು ಜಾಣತನ.

ಬೆವರು, ತೇವಗಳ ವಿಷಯದಲ್ಲಿಯೂ ಎಚ್ಚರ ಬೇಕು. ತರೀಕೆರೆಯ ಮಲೆನಾಡಿನ ಮಗ್ಗುಲಲ್ಲಿ ಮಳೆಗಾಲದ ಥಂಡಿ, ಅಜ್ಜಂಪುರ ಕಡೂರುಗಳ ಬಯಲಿನಲ್ಲಿ ಬೇಸಗೆಯ ಬೆವರು, ಎರಡೂ ಮುಚ್ಚಿದ ನಾಳದಲ್ಲಿ ಬೂಸು ಬೆಳೆಯಲು ಅನುಕೂಲ. ತುದಿಗಳನ್ನು ಆಗಾಗ ಕಳಚಿ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಒಬ್ಬರ ಕಿವಿಯದನ್ನು ಇನ್ನೊಬ್ಬರು ಹಾಗೆಯೇ ಹಾಕಿಕೊಳ್ಳಕೂಡದು. ಒಂದು ಪಕ್ಕದ ದನಿ ದಿನದಿನಕ್ಕೆ ಇಳಿಯುತ್ತ ಬಂದರೆ ಬಹುಮಟ್ಟಿಗೆ ಅದಕ್ಕೆ ಕಾರಣ ಬಲೆಗೆ ಮೆತ್ತಿದ ಕಿವಿಯ ಗುಗ್ಗೆ; ಒಣ ಬ್ರಷ್ಷಿನಿಂದ ತೆಗೆದರೆ ಸರಿಯಾಗುವುದು.

೫. ನಾಳದ ಅನುನಾದ

ಒಂದು ತುದಿ ಮುಚ್ಚಿದ ಕೊಳವೆಯ ಅನುನಾದವನ್ನು ನೀವು ಪ್ರಯೋಗಶಾಲೆಯಲ್ಲಿ ಶ್ರುತಿಕವೆಯಿಂದ ಕಂಡಿರುವಿರಿ. ಕೊಳವೆಯ ಉದ್ದವು ತರಂಗದೂರದ ಕಾಲು ಭಾಗವಾದಾಗ ಶಬ್ದ ಪ್ರಬಲವಾಗುವುದು. ಕಿವಿಯ ನಾಳವೂ ತಮಟೆಯ ಕಡೆ ಮುಚ್ಚಿದ, ಹೊರಗಡೆ ತೆರೆದ ಕೊಳವೆಯೇ. ಶಬ್ದದ ವೇಗವನ್ನು ಸೆಕೆಂಡಿಗೆ 350 ಮೀಟರೆಂದೂ ಉದ್ದವನ್ನು 0.025 ಮೀಟರೆಂದೂ ಹಿಡಿದರೆ, 350 ಭಾಗಿಸು 0.1, ಎಂದರೆ 3500 ಹರ್ಟ್ಸ್. ತಮಟೆಯು ಪೂರ್ತಿ ಗಟ್ಟಿಯಾದ ಗೋಡೆಯಲ್ಲದಿರುವುದರಿಂದಲೂ ಕಿವಿಯ ಹೊರಾಕಾರದ ಪ್ರಭಾವದಿಂದಲೂ ವಾಸ್ತವವಾಗಿ ಇದು 3000 ಹರ್ಟ್ಸ್‌ನ ಸಮೀಪದಲ್ಲಿರುವುದು. ಹುಟ್ಟಿದಂದಿನಿಂದ ನಮ್ಮ ಮೆದುಳು ಈ ಏರಿಕೆಯೊಡನೆಯೇ ಲೋಕದ ಶಬ್ದವನ್ನು ಕೇಳುತ್ತ ಬಂದಿದೆ.

ಇಯರ್‌ಬಡ್ ನಾಳದ ಬಾಯನ್ನು ಮುಚ್ಚಿದೊಡನೆ ಈ ಅನುನಾದ ಇಲ್ಲವಾಗುವುದು. ಈಗ ಎರಡು ತುದಿಗಳೂ ಮುಚ್ಚಿದ ಕೊಳವೆ. ಉಳಿದ ಉದ್ದ ಸುಮಾರು 2 ಸೆಂಟಿಮೀಟರು. ಅನುನಾದಕ್ಕೆ ಉದ್ದವು ತರಂಗದೂರದ ಅರ್ಧವಾಗಬೇಕು. 350 ಭಾಗಿಸು 0.04, ಎಂದರೆ 8750 ಹರ್ಟ್ಸ್. ಬೇಕಾದ ಕಡೆ ಏರಿಕೆ ತಪ್ಪಿತು, ಬೇಡದ ಕಡೆ ಏರಿಕೆ ಬಂದಿತು. ಒಳ್ಳೆಯ ತಯಾರಕನು 3000 ಹರ್ಟ್ಸ್‌ನ ಬಳಿ ಕಳೆದುಹೋದುದನ್ನು ತನ್ನ ರಚನೆಯಲ್ಲಿಯೇ ತುಂಬಿಕೊಡುವನು. ಹಾಗೆ ಮಾಡದಿದ್ದರೆ ಹಾಡುಗಾರನು ಗೋಡೆಯ ಆಚೆ ನಿಂತು ಹಾಡಿದಂತಿರುವುದು. 8000 ಹರ್ಟ್ಸ್‌ನ ಆಸುಪಾಸಿನ ಏರಿಕೆ ಮಿತಿಮೀರಿದರೆ ‘ಸ’ಕಾರ ಬಂದಾಗಲೆಲ್ಲ ಕಿವಿಗೆ ಚುಚ್ಚಿದಂತಾಗುವುದು. ತುದಿಯನ್ನು ಸ್ವಲ್ಪ ಒಳಕ್ಕೆ ಕೂರಿಸಿದರೆ ಉಳಿದ ಉದ್ದ ಕಡಮೆಯಾಗಿ ಆ ಏರಿಕೆ ಇನ್ನೂ ಮೇಲಿನ ಆವೃತ್ತಿಗೆ ಸರಿಯುವುದು, ಚುಚ್ಚುವಿಕೆ ತಗ್ಗಬಹುದು. ಇಲ್ಲಿಯೂ ಕೂರುವ ಬಗೆಯೇ ನಾದಗುಣವನ್ನು ನಿರ್ಣಯಿಸಿತು.

೬. ಕನ್ನಡದ ಕಿವಿಗೆ ಕನ್ನಡದ ಪರೀಕ್ಷೆ

ಹಾಡಿಗಿಂತಲೂ ಮಾತು ಕಠಿನವಾದ ಪರೀಕ್ಷೆ. ಪಾಠ ಕೇಳುವ ವಿದ್ಯಾರ್ಥಿಗೆ ಅದೇ ಮುಖ್ಯವೂ ಹೌದು. ಸ್ವರಾಕ್ಷರಗಳ ಶಕ್ತಿ ಹೆಚ್ಚಾಗಿ ಕೆಳಗಿನ ಆವೃತ್ತಿಗಳಲ್ಲಿರುವುದು. ಅರ್ಥವನ್ನು ಬೇರ್ಪಡಿಸುವ ಊಷ್ಮಾಕ್ಷರಗಳ ಶಕ್ತಿ ಮೇಲಿನ ಆವೃತ್ತಿಗಳಲ್ಲಿರುವುದು. ‘ಶ’ಕಾರದ ಸುಯ್ಲಿಗಿಂತ ‘ಸ’ಕಾರದ ಸುಯ್ಲು ಇನ್ನೂ ಎತ್ತರದ್ದು. ಹಳೆಯ ದೂರವಾಣಿಯು 300ರಿಂದ 3400 ಹರ್ಟ್ಸ್‌ವರೆಗಿನ ಪಟ್ಟಿಯನ್ನು ಮಾತ್ರ ಸಾಗಿಸುತ್ತಿದ್ದುದರಿಂದಲೇ ಹೆಸರುಗಳನ್ನು ಬಿಡಿಬಿಡಿಯಾಗಿ ಅಕ್ಷರ ಹೇಳಿ ತಿಳಿಸಬೇಕಾಗುತ್ತಿತ್ತು.

ಗೆಳೆಯನೊಬ್ಬನು ಮುಂದಿನ ಜೋಡಿಗಳಲ್ಲಿ ಒಂದೊಂದು ಮಾತನ್ನು ತನಗೆ ತೋರಿದ ಕ್ರಮದಲ್ಲಿ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಲಿ: ಸಂಕರ-ಶಂಕರ, ಸೂರ-ಶೂರ, ಸಕಲ-ಶಕಲ, ಕರ-ಖರ, ಬಾರ-ಭಾರ. ನೀವು ಇಯರ್‌ಬಡ್ ಹಾಕಿಕೊಂಡು ಕೇಳಿ ಬರೆದುಕೊಳ್ಳಿರಿ. ಆಮೇಲೆ ಎರಡನ್ನೂ ಹೋಲಿಸಿರಿ. ಮಂದ್ರವನ್ನು ಅತಿಯಾಗಿ ಉಬ್ಬಿಸಿದ ಇಯರ್‌ಬಡ್ಡುಗಳು ಈ ಪರೀಕ್ಷೆಯಲ್ಲಿ ಎಡವುವುವು. ಗಟ್ಟಿಯಾದ ಕೆಳಸ್ವರವು ತನಗಿಂತ ಮೇಲಿನ ಸ್ವರಗಳನ್ನು ಮುಚ್ಚಿಹಾಕುವುದು, ಮೇಲಿನದು ಕೆಳಗಿನದನ್ನು ಅಷ್ಟಾಗಿ ಮುಚ್ಚದು. ವೆಗೆಲ್ ಮತ್ತು ಲೇನ್ ಎಂಬ ವಿಜ್ಞಾನಿಗಳು 1924ರಲ್ಲಿ ಇದನ್ನು ಅಳೆದು ತೋರಿಸಿದರು. ‘ಭಾರೀ ಬೇಸ್’ ಎಂಬ ಹೊಗಳಿಕೆ ಪೆಟ್ಟಿಗೆಯ ಮೇಲಿದ್ದರೆ, ಪಾಠ ಕೇಳುವವನು ಒಂದು ಕ್ಷಣ ಯೋಚಿಸುವುದು ಒಳ್ಳೆಯದು.

ಇನ್ನೆರಡು ಸುಲಭ ಪರೀಕ್ಷೆಗಳುಂಟು. ಒಬ್ಬನೇ ಮಾತನಾಡುವ ವಾರ್ತೆಯನ್ನೋ ಉಪನ್ಯಾಸವನ್ನೋ ಕೇಳಿರಿ: ದನಿಯು ತಲೆಯ ನಟ್ಟನಡುವೆ ನಿಂತಂತೆ ತೋರಬೇಕು. ಒಂದು ಕಡೆಗೆ ವಾಲಿದರೆ ಎಡ ಬಲಗಳ ಬಲ ಸಮವಿಲ್ಲ, ಇಲ್ಲವೆ ಒಂದು ತುದಿ ಸರಿಯಾಗಿ ಕೂತಿಲ್ಲ. ಎರಡನೆಯದಾಗಿ, ಮೊಬೈಲಿನಲ್ಲಿ ಶುದ್ಧಸ್ವರ ಹುಟ್ಟಿಸುವ ಉಚಿತ ತಂತ್ರಾಂಶವನ್ನು ಬಳಸಿ, ಅತಿ ಸಣ್ಣ ದನಿಯಿಂದ ಆರಂಭಿಸಿ, 40ರಿಂದ 400 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತ ಹೋಗಿರಿ. ನಡುವೆ ಎಲ್ಲಿಯಾದರೂ ಜೀರುಂಡೆಯಂತೆ ಗಿರ್ರೆಂದರೆ ಪೊರೆಯೋ ಸುರುಳಿಯೋ ಒರಸುತ್ತಿದೆ, ಅಂಥದನ್ನು ಹಿಂದಿರುಗಿಸಬೇಕು.

೭. ಪೆಟ್ಟಿಗೆಯ ಮೇಲಿನ ಅಂಕಿಗಳು

‘20ರಿಂದ 20,000 ಹರ್ಟ್ಸ್’ ಎಂದು ಎಲ್ಲ ಪೆಟ್ಟಿಗೆಗಳ ಮೇಲೂ ಅಚ್ಚಾಗಿರುವುದು. ಆ ಎಲ್ಲೆಗಳ ನಡುವೆ ಏರಿಳಿತ ಎಷ್ಟು ಡೆಸಿಬೆಲ್ ಎಂದು ಹೇಳದಿದ್ದರೆ ಈ ಮಾತಿಗೆ ಬೆಲೆಯಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ರೈಲು ಓಡುವುದೆಂದ ಮಾತ್ರಕ್ಕೆ ಅದು ಅಜ್ಜಂಪುರದಲ್ಲಿ ನಿಲ್ಲುವುದೆಂದು ಹೇಳಿದಂತಾಗುವುದೆ? ಪೊರೆಯ ವ್ಯಾಸ ದೊಡ್ಡದಾದರೆ ಶಬ್ದ ಉತ್ತಮವೆಂಬುದೂ ಅಷ್ಟೇ; ಸೋರದ ಕುಹರದಲ್ಲಿ ಸಣ್ಣ ಪೊರೆಯೂ ಸಾಕೆಂಬುದನ್ನು ಮೇಲೆ ಕಂಡೆವು.

ಉಪಯೋಗಕ್ಕೆ ಬರುವ ಅಂಕಿ ಎಂದರೆ ಸಂವೇದನೆಯದು. ಒಂದು ಮಿಲಿವ್ಯಾಟ್ ಶಕ್ತಿಗೆ 100 ಡೆಸಿಬೆಲ್ ಎಂದು ಬರೆದಿದ್ದರೆ, ಶಕ್ತಿಯನ್ನು ಹತ್ತರಲ್ಲೊಂದು ಮಾಡಿದಾಗಲೆಲ್ಲ 10 ಡೆಸಿಬೆಲ್ ಇಳಿಯುವುದು. ಆದುದರಿಂದ 80 ಡೆಸಿಬೆಲ್‌ಗೆ ಬೇಕಾಗುವುದು ಮಿಲಿವ್ಯಾಟಿನ ನೂರರಲ್ಲೊಂದು ಪಾಲು ಮಾತ್ರ. ಸಾಮಾನ್ಯವಾದ ಮೊಬೈಲು ಇದಕ್ಕಿಂತ ಎಷ್ಟೋ ಹೆಚ್ಚು ಕೊಡಬಲ್ಲದು. ಅಪಾಯ ಅಡಗಿರುವುದು ಇಲ್ಲಿಯೇ.

ತಂತಿಯಿಲ್ಲದವನ್ನು ಕೊಳ್ಳುವವರು ಎರಡು ಮಾತುಗಳನ್ನು ನೆನಪಿಡಬೇಕು. ಶಬ್ದವನ್ನು ಸಂಕೇತವಾಗಿಸಿ ಕಳುಹಿಸಿ ಮರಳಿ ಶಬ್ದವಾಗಿಸಲು ಕಾಲ ಹಿಡಿಯುವುದರಿಂದ ಚಿತ್ರದ ತುಟಿಗೂ ಮಾತಿಗೂ ಹೊಂದಿಕೆ ತಪ್ಪಬಹುದು. ಚಪ್ಪಾಳೆ ತಟ್ಟುವ ದೃಶ್ಯವನ್ನು ನೋಡಿ ಇದನ್ನು ಪರೀಕ್ಷಿಸಿರಿ. ಒಳಗಿನ ಪುಟ್ಟ ಬ್ಯಾಟರಿಯು ವರ್ಷಗಳು ಕಳೆದಂತೆ ಸೊರಗುವುದು. ತಂತಿಯುಳ್ಳದಕ್ಕೆ ಈ ಎರಡು ತೊಡಕುಗಳಿಲ್ಲ. ತಂತಿಯು ಬಟ್ಟೆಗೆ ಉಜ್ಜಿದಾಗ ಬರುವ ಸದ್ದನ್ನು, ಅದನ್ನು ಕಿವಿಯ ಮೇಲಿನಿಂದ ಹಾಯಿಸಿಕೊಂಡು ಕಡಮೆ ಮಾಡಬಹುದು.

೮. ಪಕ್ಷಪಾತವಿಲ್ಲದ ಹೋಲಿಕೆ

ಎರಡು ಇಯರ್‌ಬಡ್ಡುಗಳನ್ನು ಹೋಲಿಸುವಾಗ ದನಿಯನ್ನು ಮೊದಲು ಸಮಗೊಳಿಸಬೇಕು. ಸ್ವಲ್ಪ ಗಟ್ಟಿಯಾಗಿ ನುಡಿಯುವುದೇ ಉತ್ತಮವೆಂದು ತೋರುವುದು ಮಾನವ ಸ್ವಭಾವ. ಇದಕ್ಕೆ ಶರೀರಶಾಸ್ತ್ರದ ಆಧಾರವೂ ಉಂಟು. ಶಬ್ದ ಸಣ್ಣದಾದಂತೆ ನಮ್ಮ ಕಿವಿಗೆ ಮಂದ್ರಸ್ವರಗಳು ಉಳಿದವುಗಳಿಗಿಂತ ಬೇಗ ಮಂಕಾಗುವುವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ಆದುದರಿಂದ 1000 ಹರ್ಟ್ಸ್ ಸ್ವರವನ್ನು ಎರಡರಲ್ಲಿಯೂ ಕೇಳಿ, ಸಮನೆನಿಸುವಂತೆ ದನಿಯನ್ನು ಹೊಂದಿಸಿಕೊಂಡ ಮೇಲೆಯೇ ಹಾಡಿಗೆ ಹೋಗಬೇಕು.

ಬಳಿಕ ಬೆಲೆಯ ಮೋಹವನ್ನು ಕಳೆಯಬೇಕು. ಹೆಸರಿನ ಗುರುತುಗಳ ಮೇಲೆ ಕಾಗದ ಅಂಟಿಸಿ, ಯಾವುದರ ಬೆಲೆ ಹೆಚ್ಚೆಂಬುದನ್ನು ತಿಳಿಸದೆ, ಹತ್ತು ಮಂದಿ ಸಹಪಾಠಿಗಳಿಗೆ ಅವರವರ ಸ್ವಂತ ತುದಿಗಳನ್ನು ಹಾಕಿಸಿ ಕೇಳಿಸಿರಿ. ಹತ್ತರಲ್ಲಿ ಏಳು ಮಂದಿ ದುಬಾರಿಯದನ್ನು ಮೆಚ್ಚಿದರೆ ಅದು ನಿಜವಾಗಿಯೂ ಉತ್ತಮವೆಂದು ಹೇಳಬಹುದೆ? ಅವಸರ ಬೇಡ. ಹತ್ತು ಸಲ ನಾಣ್ಯ ಚಿಮ್ಮಿದರೆ ಏಳು ಅಥವಾ ಹೆಚ್ಚು ಸಲ ರಾಜಮುಖ ಬೀಳುವ ಸಂಭವ 1024ರಲ್ಲಿ 176, ಎಂದರೆ ನೂರಕ್ಕೆ 17. ಇದು ಬರಿಯ ಆಕಸ್ಮಿಕವಿರಬಹುದು. ಒಂಬತ್ತು ಅಥವಾ ಹೆಚ್ಚು ಬೀಳುವ ಸಂಭವ 1024ರಲ್ಲಿ 11 ಮಾತ್ರ, ಸುಮಾರು ನೂರಕ್ಕೆ ಒಂದು. ಒಂಬತ್ತು ಮಂದಿ ಒಪ್ಪಿದರೆ ಆಗ ಮಾತಿಗೆ ತೂಕ ಬರುವುದು. ಸಾವಿರಾರು ರೂಪಾಯಿ ಹೆಚ್ಚು ತೆರುವ ಮುನ್ನ ಇಷ್ಟು ಲೆಕ್ಕ ಮಾಡುವುದು ವಿದ್ಯಾರ್ಥಿಗೆ ಭೂಷಣ.

೯. ಕಿವಿಯ ಆಯುಷ್ಯ

ಈಗ ಮೂರನೆಯ ಕೊಂಡಿಗೆ ಬರೋಣ. ನಮ್ಮ ಒಳಗಿವಿಯ ಶಂಖಾಕಾರದ ನಾಳದಲ್ಲಿ ಶಬ್ದವು ಅಲೆಯಾಗಿ ಚಲಿಸುವ ಬಗೆಯನ್ನು ಕಂಡುಹಿಡಿದುದಕ್ಕಾಗಿ ಗೇಯಾರ್ಗ್ ಫಾನ್ ಬೆಕೆಶಿ ಅವರಿಗೆ 1961ರಲ್ಲಿ ನೊಬೆಲ್ ಬಹುಮಾನ ಬಂದಿತು. ಆ ಅಲೆಯನ್ನು ಗ್ರಹಿಸುವ ಕೇಶಕೋಶಗಳು ಒಂದೊಂದು ಕಿವಿಯಲ್ಲಿ ಸುಮಾರು ಹದಿನೈದು ಸಾವಿರ ಮಾತ್ರ. ಸತತವಾದ ಗಟ್ಟಿ ಶಬ್ದದಿಂದ ಇವು ಸಾಯುವುವು. ಸತ್ತವು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಮೇಲಿನ ಆವೃತ್ತಿಗಳ ಶ್ರವಣ, ಎಂದರೆ ಮಾತಿನ ಊಷ್ಮಾಕ್ಷರಗಳ ಶ್ರವಣ. ನೋವಿಲ್ಲದೆ, ಸದ್ದಿಲ್ಲದೆ ಇದು ನಡೆಯುವುದರಿಂದ ಬಹುಕಾಲ ಗೊತ್ತೇ ಆಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಹೊರಡಿಸಿದ ಮಾನಕದ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ಮಿತಿ. ಮಕ್ಕಳಿಗೆ 75 ಡೆಸಿಬೆಲ್. ಶಬ್ದ 3 ಡೆಸಿಬೆಲ್ ಏರಿದರೆ ಶಕ್ತಿ ಇಮ್ಮಡಿಯಾಗುವುದರಿಂದ ಕಾಲವನ್ನು ಅರ್ಧ ಮಾಡಬೇಕು. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ.

ಈ ಲೆಕ್ಕವನ್ನು ರೈಲಿಗೆ ಅನ್ವಯಿಸೋಣ. ಡಬ್ಬಿಯೊಳಗಿನ ಗದ್ದಲ 75 ಡೆಸಿಬೆಲ್ ಎಂದೂ, ಪಾಠ ಸ್ಪಷ್ಟವಾಗಲು ಅದು ಗದ್ದಲಕ್ಕಿಂತ 10 ಡೆಸಿಬೆಲ್ ಮೇಲಿರಬೇಕೆಂದೂ ಊಹಿಸಿರಿ. ತುದಿ ಸಡಿಲವಾಗಿದ್ದರೆ ಗದ್ದಲವೆಲ್ಲ ಒಳಬರುವುದು; ಕೇಳುವವನು 85 ಡೆಸಿಬೆಲ್‌ಗೆ ಏರಿಸುವನು. ಮಂದ್ರ ಸೋರಿಹೋಗಿ ಹಾಡು ತೆಳ್ಳಗಾದಾಗ ಇನ್ನೂ ನಾಲ್ಕು ಡೆಸಿಬೆಲ್ ಏರಿಸುವನು, 89 ಆಯಿತು. ಅವನ ವಾರದ ಪಾಲು ಐದು ಗಂಟೆಗಳಲ್ಲಿ ಮುಗಿಯಿತು. ತುದಿ ಸರಿಯಾಗಿ ಕೂತು ಗದ್ದಲವನ್ನು 15 ಡೆಸಿಬೆಲ್ ತಡೆದರೆ ಒಳಗಿನ ಗದ್ದಲ 60. ಪಾಠಕ್ಕೆ 70 ಡೆಸಿಬೆಲ್ ಸಾಕು. ಮಕ್ಕಳ ಮಿತಿಗೂ ಅದು ಕೆಳಗಿದೆ. ಕೆಲವು ರೂಪಾಯಿಯ ರಬ್ಬರು ತುದಿಯೊಂದು ಕಿವಿಯ ಆಯುಷ್ಯವನ್ನು ಕಾಯುವ ಬಗೆ ಇದು.

ಆದರೆ ಹೊರಗಿನ ಶಬ್ದವನ್ನು ತಡೆಯುವ ಗುಣವೇ ರಸ್ತೆಯಲ್ಲಿಯೂ ರೈಲು ಹಳಿಯ ಬಳಿಯೂ ಪ್ರಾಣಕ್ಕೆ ಎರವಾಗಬಲ್ಲದು. ನಡೆಯುವಾಗ, ಸೈಕಲ್ ತುಳಿಯುವಾಗ, ಹಳಿ ದಾಟುವಾಗ ಎರಡನ್ನೂ ಕಿವಿಯಿಂದ ತೆಗೆದುಬಿಡಬೇಕು, ಇದಕ್ಕೆ ವಿನಾಯಿತಿಯಿಲ್ಲ. ತೋಳಳತೆಯ ದೂರದಲ್ಲಿ ಕೂತವರು ಸಹಜವಾಗಿ ಆಡಿದ ಮಾತು ಇಯರ್‌ಬಡ್ ಹಾಕಿದ್ದಾಗ ಸ್ವಲ್ಪವೂ ಕೇಳದಿದ್ದರೆ ದನಿ ಹೆಚ್ಚಾಗಿರಬಹುದೆಂದು ತಿಳಿದು ತಗ್ಗಿಸಿರಿ. ತೆಗೆದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವಿಕೆ ಉಳಿದರೆ ಅದು ಎಚ್ಚರಿಕೆಯ ಗಂಟೆ. ಅದು ದಿನಗಟ್ಟಲೆ ಬಿಡದಿದ್ದರೆ ಕಿವಿಯ ವೈದ್ಯರನ್ನು ಕಾಣಬೇಕು. ಶ್ರವಣದ ಪರೀಕ್ಷೆಗೂ ಚಿಕಿತ್ಸೆಗೂ ಮೀಸಲಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲಿಯೇ ಇದೆ.

ಹಳೆಯ ಇಯರ್‌ಬಡ್ ಹೋದರೆ ಬೀರೂರಿನಲ್ಲಿಯೋ ಕಡೂರಿನಲ್ಲಿಯೋ ಇನ್ನೊಂದನ್ನು ಕೊಳ್ಳಬಹುದು. ಕೇಶಕೋಶ ಮಾರುವ ಅಂಗಡಿ ಎಲ್ಲಿಯೂ ಇಲ್ಲ. ಆದುದರಿಂದ ಕೊಳ್ಳುವಾಗ ಮೊದಲು ನೋಡತಕ್ಕದ್ದು ತುದಿಯ ಅಳತೆ, ಆಮೇಲೆ ಮಾತಿನ ಸ್ಪಷ್ಟತೆ, ಆಮೇಲೆ ಹಾಡಿನ ಸೊಗಸು, ಕಟ್ಟಕಡೆಗೆ ಪೆಟ್ಟಿಗೆಯ ಮೇಲಿನ ಬರಹ.

ಅಭ್ಯಾಸಕ್ಕೆ ಕೆಲವು ಪ್ರಶ್ನೆಗಳು

1. ಪೊರೆಯ ವ್ಯಾಸ 6 ಮಿಲಿಮೀಟರಾದರೆ, 2 ಘನ ಸೆಂಟಿಮೀಟರಿನ ಕುಹರದಲ್ಲಿ 1 ಪಾಸ್ಕಲ್ ಒತ್ತಡಕ್ಕೆ ಅದು ಎಷ್ಟು ಮೈಕ್ರಾನು ಚಲಿಸಬೇಕು?

2. ಮಿಲಿವ್ಯಾಟಿಗೆ 100 ಡೆಸಿಬೆಲ್ ಸಂವೇದನೆಯುಳ್ಳ ಇಯರ್‌ಬಡ್‌ಗೆ 0.1 ಮಿಲಿವ್ಯಾಟ್ ಕೊಟ್ಟರೆ ಶಬ್ದದ ಮಟ್ಟವೆಷ್ಟು? ವಾರಕ್ಕೆ ಎಷ್ಟು ಗಂಟೆ ಕೇಳಬಹುದು?

3. ಹತ್ತು ಮಂದಿಯಲ್ಲಿ ಎಂಟು ಅಥವಾ ಹೆಚ್ಚು ಮಂದಿ ಆಕಸ್ಮಿಕವಾಗಿ ದುಬಾರಿಯದನ್ನೇ ಆರಿಸುವ ಸಂಭವವೆಷ್ಟು?

4. ಎರಡು ಕಿವಿಗಳನ್ನೂ ಬೆರಳಿನಿಂದ ಮುಚ್ಚಿಕೊಂಡು ಮಾತನಾಡಿದಾಗ ನಿಮ್ಮ ದನಿ ನಿಮಗೇ ಗುಡುಗಿದಂತೆ ಕೇಳಿಸುವುದೇಕೆ? ತುದಿ ಸರಿಯಾಗಿ ಕೂತಿದೆಯೆಂದು ತಿಳಿಯಲು ಇದನ್ನು ಹೇಗೆ ಬಳಸಬಹುದು?